ಪ್ರಯಾಣಕ್ಕೊಂದು ಚಿತ್ರಯಂತ್ರ

ಬೇಸಗೆಯ ರಜೆ ಬಂದಿತೆಂದರೆ ಸಂಸಾರಸಹಿತರಾಗಿ ಮೋಟಾರಿನಲ್ಲಿ ಹೊರಡುವ ಗೃಹಸ್ಥರ ಸಂಖ್ಯೆ ಈಗ ಕಡಮೆಯಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು ೩೫೦ ಕಿಲೋಮೀಟರ್ ದೂರ. ಹಾಸನ ದಾಟುವುದರೊಳಗಾಗಿ ಹಿಂದಿನ ಆಸನದಲ್ಲಿ ಕಿಟಕಿಯ ಜಾಗಕ್ಕಾಗಿ ಹೂಡಲ್ಪಡುವ ವ್ಯಾಜ್ಯವನ್ನು ಯಾವ ನ್ಯಾಯಾಧೀಶನೂ ತೀರ್ಮಾನಿಸಲಾರನು. ಇದಕ್ಕೆ ಪರಿಹಾರವಾಗಿ ಜೊತೆಯಲ್ಲಿ ಒಯ್ಯತಕ್ಕ ವೀಡಿಯೋ ಯಂತ್ರವೊಂದನ್ನು ಕೊಳ್ಳಬೇಕೆಂದು ನಮ್ಮ ಮನೆಯಲ್ಲಿಯೂ ನಿಶ್ಚಯವಾಯಿತು. ಕೊಂಡೆವು, ಮೋಸಹೋದೆವು. ಆ ಅನುಭವವನ್ನೇ ವಾಚಕರ ಮುಂದಿಡುತ್ತೇವೆ.

ಪೆಟ್ಟಿಗೆಯ ಮೇಲೆ ೧೦೮೦ ಎಂಬ ಅಂಕಿ ದಪ್ಪಕ್ಷರದಲ್ಲಿದ್ದಿತು. ಅದು ಯಂತ್ರವು ಓದಬಲ್ಲ ಚಿತ್ರದ ಅಳತೆಯೇ ಹೊರತು ಪರದೆಯ ಗುಣವಲ್ಲವೆಂಬುದು ಹಣ ತೆತ್ತ ತರುವಾಯ ತಿಳಿಯಿತು. ಏಳಂಗುಲದ ಅಗ್ಗದ ಪರದೆಗಳಲ್ಲಿ ಅನೇಕವೇಳೆ ಅಡ್ಡಲಾಗಿ ೪೮೦, ಮೇಲಿನಿಂದ ಕೆಳಕ್ಕೆ ೨೩೪ ಚುಕ್ಕೆಗಳು ಮಾತ್ರ ಇರುತ್ತವೆ. ಅಕ್ಷರಗಳು ಇರುವೆಸಾಲಿನಂತೆ ಕಾಣುವುವು. ಹತ್ತಂಗುಲದ್ದಾದರೆ ೧೦೨೪ಕ್ಕೆ ೬೦೦ ಚುಕ್ಕೆಗಳಾದರೂ ಇರತಕ್ಕದ್ದು. ಇದಕ್ಕಿಂತಲೂ ಮುಖ್ಯವಾದುದು ಬೆಳಕು. ಅಂಗಡಿಯ ನೆರಳಿನಲ್ಲಿ ಎಲ್ಲ ಪರದೆಗಳೂ ಚೆಲುವಾಗಿಯೇ ಇರುವುವು. ಬೀದಿಯ ಬಿಸಿಲಿಗೆ ಹಿಡಿದು, ಓರೆಯಿಂದಲೂ ನೋಡಿ ಪರೀಕ್ಷಿಸಬೇಕು. ಹೊರಗೆ ತರಲೊಪ್ಪದ ವರ್ತಕನಿಗೆ ನಮಸ್ಕಾರ ಹೇಳಿ ಬರುವುದೇ ಲೇಸು.

ಡಿ.ವಿ.ಡಿ. ಯಂತ್ರವೋ, ಟ್ಯಾಬ್ಲೆಟ್ಟೋ ಎಂಬುದು ಮನೆಮನೆಯ ಸ್ಥಿತಿಯನ್ನು ಅವಲಂಬಿಸಿದೆ. ನಮ್ಮ ಮಾತೃಶ್ರೀಯವರು ೧೯೬೫ರ ‘ಸತ್ಯ ಹರಿಶ್ಚಂದ್ರ’ದ ಡಿ.ವಿ.ಡಿ.ಯನ್ನು ಸೀರೆಯ ಮಡಿಕೆಯೊಳಗೆ ಕಾಪಾಡಿಕೊಂಡು ಬಂದಿದ್ದಾರೆ. ಅಂತಹ ಸಂಗ್ರಹವಿರುವವರಿಗೆ ಡಿ.ವಿ.ಡಿ. ಯಂತ್ರವು ಈಗಲೂ ಪ್ರಯೋಜನಕಾರಿಯೇ. ಆದರೆ ಅಮೆರಿಕದಲ್ಲಿರುವ ಬಂಧುಗಳು ಕಳುಹಿಸಿದ ಯಂತ್ರವೆಂದು ಹಿಗ್ಗಬಾರದು. ಡಿ.ವಿ.ಡಿ.ಗಳಿಗೆ ವಲಯಸಂಖ್ಯೆಯುಂಟು, ಅಮೆರಿಕದ್ದು ೧, ಭಾರತದ್ದು ೫. ೧ಕ್ಕೆ ಮಾತ್ರ ಕಟ್ಟುಬಿದ್ದ ಯಂತ್ರವು ೫ ಎಂದು ಗುರುತಿಸಿದ್ದನ್ನು ನುಡಿಸದು. ಟ್ಯಾಬ್ಲೆಟ್ ಕೊಳ್ಳುವವರು ಚಿತ್ರಗಳನ್ನು ಮನೆಯಲ್ಲಿಯೇ ಇಳಿಸಿಕೊಂಡು, ಇಂಟರ್ನೆಟ್ ನಿಲ್ಲಿಸಿ, ಒಮ್ಮೆ ತೆರೆದು ನೋಡಿ ಹೊರಡಬೇಕು. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕದ ತಾವುಗಳುಂಟು. ಇಳಿಸಿಕೊಂಡ ಕೆಲವು ಚಿತ್ರಗಳು ಗೊತ್ತಾದ ಅವಧಿ ಮುಗಿದ ಮೇಲೆ ತೆರೆಯುವುದಿಲ್ಲವೆಂಬುದೂ ನೆನಪಿನಲ್ಲಿರಲಿ.

ಬ್ಯಾಟರಿಯ ಮಾತು. ಮೋಟಾರಿನ ೧೨ ವೋಲ್ಟ್ ಸಾಕೆಟ್ಟಿನಿಂದ ವಿದ್ಯುತ್ತು ದೊರೆಯುವುದೆಂದು ನಾವು ನಿಶ್ಚಿಂತರಾಗಿದ್ದೆವು. ಸಾಕೆಟ್ಟು ಮುಂದೆ, ಮಕ್ಕಳು ಹಿಂದೆ, ಯಂತ್ರದೊಡನೆ ಬಂದ ತಂತಿಯಾದರೋ ಮೊಳವೆರಡು. ಹರಿಶ್ಚಂದ್ರನು ಸ್ಮಶಾನ ಕಾಯುತ್ತಿರುವಾಗಲೇ ಬ್ಯಾಟರಿ ಬರಿದಾಗಿ, ಅವನನ್ನು ಅಲ್ಲಿಯೇ ಬಿಟ್ಟು ನಾವು ಮುಂದೆ ಸಾಗಬೇಕಾಯಿತು. ಮಾತೃಶ್ರೀಯವರು ಸಕಲೇಶಪುರದವರೆಗೂ ಮಾತನಾಡಲಿಲ್ಲ.

ಯಂತ್ರವನ್ನು ಮಗುವಿನ ತೊಡೆಯ ಮೇಲಿಡುವುದು ಅನೇಕರ ವಾಡಿಕೆ. ಇದು ಸರ್ವಥಾ ಕೂಡದು. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಮೋಟಾರು ಯಾವುದಕ್ಕಾದರೂ ಬಡಿದು ಥಟ್ಟನೆ ನಿಂತರೆ, ಕಟ್ಟಿಲ್ಲದ ವಸ್ತುವು ಅದೇ ವೇಗದಿಂದ ಮುಂದಕ್ಕೆ ಹಾರುವುದು. ಸುಮಾರು ೧೦ ಮೀಟರ್ ಎತ್ತರದಿಂದ ಕೆಡವಿದ ವಸ್ತುವು ನೆಲ ಮುಟ್ಟುವ ವೇಗವೂ ಅಷ್ಟೇ. ಮುಂದಿನ ಆಸನದ ಬೆನ್ನಿಗೆ ಪಟ್ಟಿಗಳಿಂದ ಬಿಗಿಯಾಗಿ ಕಟ್ಟತಕ್ಕ ಹಿಡಿಕೆಯನ್ನು ಯಂತ್ರದೊಡನೆಯೇ ಕೊಳ್ಳಬೇಕು. ಪರದೆಯು ಚಾಲಕನ ಕಣ್ಣಿಗೆ ಬೀಳಕೂಡದು. ಊಟಕ್ಕೆ ಇಳಿದಾಗ ಅದನ್ನು ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಬಿಡಲೂಬಾರದು. ಲಿಥಿಯಂ ಬ್ಯಾಟರಿಗೆ ಬಿಸಿಯು ಶತ್ರು.

ಮಕ್ಕಳಿಬ್ಬರಾದರೆ ಹೆಡ್‌ಫೋನುಗಳೂ ಎರಡಿರಲಿ. ಶಬ್ದವು ೮೫ ಡೆಸಿಬೆಲ್ ಮೀರದಂತೆ ಮಾಡಿದವು ದೊರೆಯುತ್ತವೆ.

ಕಡೆಯದಾಗಿ ವಾಂತಿಯ ವಿಚಾರ. ಇದನ್ನು ಯಾವ ಪೆಟ್ಟಿಗೆಯ ಮೇಲೆಯೂ ಬರೆದಿರುವುದಿಲ್ಲ. ಕಣ್ಣು ನಿಶ್ಚಲವಾದ ಪರದೆಯಲ್ಲಿ ನೆಟ್ಟಿರುವಾಗ ಒಳಗಿವಿಯು ತಿರುವುಗಳನ್ನು ಎಣಿಸುತ್ತಿರುತ್ತದೆ. ಈ ಎರಡು ಸಾಕ್ಷಿಗಳ ಹೇಳಿಕೆ ಹೊಂದದಿದ್ದಾಗ ಹೊಟ್ಟೆ ತೊಳಸುವುದು. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಬಾಧೆ ಹೆಚ್ಚು. ಶಿರಾಡಿ ಘಟ್ಟದಲ್ಲಿ ನಮ್ಮ ಕಿರಿಯವನು ಯಂತ್ರದ ಮೇಲೆಯೇ ಇದನ್ನು ಸಿದ್ಧಾಂತಪಡಿಸಿದನು. ಅಂದಿನಿಂದ ಸಕಲೇಶಪುರ ದಾಟಿದೊಡನೆ ಯಂತ್ರ ಮುಚ್ಚತಕ್ಕದ್ದೆಂದು ನಿಯಮ ಮಾಡಿದ್ದೇವೆ. ಗುಂಡ್ಯ ಬರುವವರೆಗೆ ತೆರೆಯುವಂತಿಲ್ಲ. ಹೋದ ಮಳೆಗಾಲದಲ್ಲಿ ಬಂಡೆಯಿಂದಿಳಿಯುವ ನೀರನ್ನು ಮೊದಲು ಕಂಡು ಕೂಗಿದವನು ಅವನೇ. ಕಿಟಕಿಯ ಜಾಗದ ವ್ಯಾಜ್ಯವು ಅಲ್ಲಿಂದ ಮತ್ತೆ ಪ್ರಾರಂಭವಾಯಿತು.