ಹತ್ತು ನ್ಯಾನೊಸೆಕೆಂಡಿನ ಹಟ
ಡೆಸ್ಕ್‌ಟಾಪ್ ಕಂಪ್ಯೂಟರಿನ ರ‍್ಯಾಮ್ ಹೆಚ್ಚಿಸಲು ಹೊರಟವರು ಹೊಸ ಕಿಟ್ಟಿನ ಮೇಲೆ ಮೊದಲು ನೋಡುವುದು 3200, 6000 ಎಂಬಂಥ ದೊಡ್ಡ ಅಂಕಿಯನ್ನು. ಪಕ್ಕದಲ್ಲೇ ಇರುವ ಸಿಎಲ್16, ಸಿಎಲ್30 ಎಂಬುದನ್ನು ಹಲವರು ಗಮನಿಸುವುದಿಲ್ಲ, ಗಮನಿಸಿದವರಲ್ಲೂ ಅನೇಕರು ಆ ಅಂಕಿ ಹೆಚ್ಚಿದಷ್ಟೂ ಮೆಮೊರಿ ನಿಧಾನವೆಂದು ತಪ್ಪು ತಿಳಿಯುತ್ತಾರೆ. ಮೊದಲನೆಯದು ಒಂದೊಂದು ದತ್ತಾಂಶ ತಂತಿಯಲ್ಲಿ ಸೆಕೆಂಡಿಗೆ ನಡೆಯುವ ವರ್ಗಾವಣೆಗಳನ್ನು ದಶಲಕ್ಷಗಳಲ್ಲಿ ಹೇಳುತ್ತದೆ. ಪ್ರತಿ ಕ್ಲಾಕ್ ಮಿಡಿತಕ್ಕೆ ಎರಡು ವರ್ಗಾವಣೆಗಳಾಗುವುದರಿಂದ ನಿಜವಾದ ಮೆಗಾಹರ್ಟ್ಸ್ ಅದರ ಅರ್ಧ ಮಾತ್ರ. ಎರಡನೆಯದು, ಮೆಮೊರಿ ಕೋಶಗಳ ತೆರೆದಿರುವ ಸಾಲಿನಿಂದ ದತ್ತಾಂಶವನ್ನು ಕೇಳಿದ ಮೇಲೆ ಅದು ಹೊರಬರುವವರೆಗೆ ಕಾಯಬೇಕಾದ ಮಿಡಿತಗಳ ಎಣಿಕೆಯೇ ಹೊರತು ಕಾಲದ ಅಳತೆಯಲ್ಲ.

ಈ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಸೋಜಿಗವೊಂದು ಹೊರಬೀಳುತ್ತದೆ. ಡಿಡಿಆರ್ ಎಂಬ ಮೆಮೊರಿ ಬಗೆಯ ಮೊದಲ ಪೀಳಿಗೆಗೆ ಸೇರಿದ, ಇಪ್ಪತ್ತು ವರ್ಷಗಳ ಹಿಂದಿನ ಡಿಡಿಆರ್-400, ಸಿಎಲ್2 ಮೆಮೊರಿಯಲ್ಲಿ ಒಂದು ಮಿಡಿತಕ್ಕೆ 5 ನ್ಯಾನೊಸೆಕೆಂಡಿನಂತೆ (ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ) ಕಾಯುವ ಕಾಲ 10 ನ್ಯಾನೊಸೆಕೆಂಡ್. ಡಿಡಿಆರ್4-3200, ಸಿಎಲ್16ರಲ್ಲಿಯೂ 10. ಡಿಡಿಆರ್5-6000, ಸಿಎಲ್30ರಲ್ಲಿಯೂ ಅದೇ 10. ವರ್ಗಾವಣೆಯ ವೇಗ ಹದಿನೈದು ಪಟ್ಟು ಬೆಳೆದರೂ ಕಾಯುವಿಕೆ ಕದಲಿಲ್ಲ.

ಇದರ ಮೂಲ 1966ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರಿಗೆ ಹೊಳೆದು 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲೇ ಇದೆ. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಸೇರಿ ಒಂದು ಬಿಟ್ ಆಗುವ ಆ ಕೋಶದಲ್ಲಿರುವ ವಿದ್ಯುದಾವೇಶ ಎಷ್ಟು ಅಲ್ಪವೆಂದರೆ, ಅದು ಉದ್ದನೆಯ ತಂತಿಗೆ ಹರಿದಾಗ ಉಂಟಾಗುವ ಕ್ಷೀಣ ವ್ಯತ್ಯಾಸವನ್ನು ವರ್ಧಕವೊಂದು ಗುರುತಿಸಿ ಬೆಳೆಸಬೇಕು. ಓದಿದೊಡನೆ ಕೋಶ ಬರಿದಾಗುವುದರಿಂದ ಮತ್ತೆ ತುಂಬಬೇಕು. ಓದದಿದ್ದರೂ ಸೋರುವುದರಿಂದ ಡಿಡಿಆರ್4ರಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಸಾಲನ್ನೂ ನವೀಕರಿಸಬೇಕು. ಕ್ಲಾಕನ್ನು ಎಷ್ಟೇ ಓಡಿಸಿದರೂ ಈ ಭೌತಿಕ ಕ್ರಿಯೆ ಅವಸರಪಡುವುದಿಲ್ಲ. ಆದುದರಿಂದ ಎಂಜಿನಿಯರುಗಳು ಜಾಣ್ಮೆಯ ಬೇರೆ ದಾರಿ ಹಿಡಿದು, ಪ್ರತಿ ದತ್ತಾಂಶ ತಂತಿಗೆ ಒಮ್ಮೆಗೆ ಆಯ್ದಿಡುವ ಬಿಟ್‌ಗಳನ್ನು ಮೊದಲ ಡಿಡಿಆರ್‌ನ 2ರಿಂದ ಡಿಡಿಆರ್4ರಲ್ಲಿ 8ಕ್ಕೆ, ಡಿಡಿಆರ್5ರಲ್ಲಿ 16ಕ್ಕೆ ಏರಿಸಿದರು.

ಆದ್ದರಿಂದ ಕಿಟ್ಟನ್ನು ತೂಗಿ ನೋಡುವಾಗ ಮೊದಲ ಮನ್ನಣೆ ಗಾತ್ರಕ್ಕೆ ಸಲ್ಲಬೇಕು, ಏಕೆಂದರೆ ರ‍್ಯಾಮ್ ಸಾಲದೆ ಡಿಸ್ಕಿನ ಮೊರೆಹೋಗುವ ಯಂತ್ರಕ್ಕೆ ನ್ಯಾನೊಸೆಕೆಂಡುಗಳ ಉಳಿತಾಯದಿಂದ ಏನೂ ಆಗದು. ಅನಂತರದ್ದು ಜೋಡಿ: ಒಂದು 16 ಗಿಗಾಬೈಟಿನ ಸ್ಟಿಕ್ಕಿಗಿಂತ 8ರ ಎರಡು ಸ್ಟಿಕ್ಕುಗಳನ್ನು ಮದರ್‌ಬೋರ್ಡಿನ ಸರಿಯಾದ ಸ್ಲಾಟುಗಳಲ್ಲಿ ಕೂರಿಸಿದರೆ, 3200ರ ಮೆಮೊರಿಯ ಗರಿಷ್ಠ ಹರಿವು ಸೆಕೆಂಡಿಗೆ 25.6 ಗಿಗಾಬೈಟಿನಿಂದ 51.2ಕ್ಕೇರುತ್ತದೆ. ಬಣ್ಣದ ದೀಪಗಳುಳ್ಳ ಸ್ಟಿಕ್ ಹೆಚ್ಚು ವೇಗದ್ದೆಂಬ ನಂಬಿಕೆ ಶುದ್ಧ ಮೌಢ್ಯ. ಆ ದೀಪಗಳಿಗೂ ಕೋಶಗಳಿಗೂ ಸಂಬಂಧವೇ ಇಲ್ಲ. ಅದಕ್ಕಿಂತ ದುಬಾರಿಯಾದ ಅಲಕ್ಷ್ಯ ಇನ್ನೊಂದಿದೆ: 3200, ಸಿಎಲ್16ರಂಥ ಕಿಟ್ಟುಗಳ ಘೋಷಿತ ವೇಗ ಎಕ್ಸ್‌ಎಂಪಿ ಎಂಬ ಸಿದ್ಧ ಹೊಂದಾಣಿಕೆಯಲ್ಲಿ ಅಡಗಿದ್ದು, ಅದನ್ನು ಬಯೋಸ್‌ನಲ್ಲಿ ಆನ್ ಮಾಡದಿದ್ದರೆ ಅನೇಕ ಕಿಟ್ಟುಗಳು 2133ರಲ್ಲೋ 2400ರಲ್ಲೋ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತವೆ.