ಸಿಂಹಾಸನ ಒಂದು, ರಾಜಕುಮಾರರು ಒಂಬತ್ತು

ಅಮೆರಿಕದ ಲೇಖಕ ರೋಜರ್ ಝೆಲಾಜ್ನಿಯ ‘ನೈನ್ ಪ್ರಿನ್ಸಸ್ ಇನ್ ಆ್ಯಂಬರ್’ ಕಾದಂಬರಿಯನ್ನು ಡಬಲ್‌ಡೇ ಸಂಸ್ಥೆ 1970ರಲ್ಲಿ ಪ್ರಕಟಿಸಿತು. ಆ್ಯಂಬರ್ ಎಂಬುದು ಮೂಲ ಲೋಕ. ನಮ್ಮ ಭೂಮಿಯೂ ಸೇರಿದಂತೆ ಉಳಿದ ಲೆಕ್ಕವಿಲ್ಲದಷ್ಟು ಲೋಕಗಳು ಅದರ ನೆರಳುಗಳು. ಅಲ್ಲಿನ ದೊರೆ ಓಬೆರಾನ್ ಕಾಣೆಯಾಗಿದ್ದಾನೆ. ಅವನಿಗೆ ಒಂಬತ್ತು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು. ಬರಿದಾದ ಸಿಂಹಾಸನ ಯಾರಿಗೆ ಎಂಬ ಜಗಳವೇ ಕಥೆ. ಮೇಲ್ನೋಟಕ್ಕೆ ಇದು ಮಾಯಾಲೋಕದ ಸಾಹಸ. ಒಳಗೆ ಇರುವುದು ದಾಯಾದಿ ಮತ್ಸರ. ಇಲ್ಲಿನ ಒಂದೊಂದು ಮಾಯೆಯೂ ಆ ಮತ್ಸರಕ್ಕೆ ಒದಗುವ ಆಯುಧ.

ಇಂಥ ಕಥೆಗೆ ಇಂಗ್ಲಿಷಿನಲ್ಲಿ ಹಳೆಯ ಬೇರುಗಳಿವೆ. ಸ್ಕಾಟ್ಲೆಂಡಿನ ಆರ್. ಎಲ್. ಸ್ಟೀವನ್‌ಸನ್ 1889ರಲ್ಲಿ ಬರೆದ ‘ದಿ ಮಾಸ್ಟರ್ ಆಫ್ ಬ್ಯಾಲಂಟ್ರೇ’ಯಲ್ಲಿ ಜಮೀನ್ದಾರಿ ಮನೆತನದ ಅಣ್ಣತಮ್ಮಂದಿರಿಬ್ಬರು ಮೇಣದಬತ್ತಿಯ ಬೆಳಕಿನಲ್ಲಿ ಕತ್ತಿ ಹಿರಿದು ಕಾದಾಡುತ್ತಾರೆ. ಆ್ಯಂಟನಿ ಹೋಪ್‌ನ ‘ದಿ ಪ್ರಿಸನರ್ ಆಫ್ ಝೆಂಡಾ’ (1894) ಕಾದಂಬರಿಯಲ್ಲಿ ಪಟ್ಟವೇರಬೇಕಾದ ದೊರೆಯನ್ನು ಮಲಸೋದರನೇ ಸೆರೆಯಲ್ಲಿಡುತ್ತಾನೆ. ಕತ್ತಿವರಸೆ, ಪಿತೂರಿ, ಸೆರೆಮನೆ, ಪಲಾಯನ – ಈ ಸಾಮಗ್ರಿಯೆಲ್ಲ ಝೆಲಾಜ್ನಿಯ ಕೈಗೆ ಬರುವ ಹೊತ್ತಿಗೆ ಚೆನ್ನಾಗಿ ಪಳಗಿತ್ತು.

ಝೆಲಾಜ್ನಿ 1937ರಲ್ಲಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬಲ್ಲಿ ಹುಟ್ಟಿದ. ಕಾಲೇಜಿನಲ್ಲಿ ಕತ್ತಿವರಸೆಯ ಪಟುವಾಗಿದ್ದ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದನೆಯ ಎಲಿಜಬೆತ್ ಮತ್ತು ಒಂದನೆಯ ಜೇಮ್ಸ್ ಕಾಲದ ನಾಟಕಗಳನ್ನು ಓದಿ 1962ರಲ್ಲಿ ಎಂ.ಎ. ಮುಗಿಸಿದ. ಅವನ ಪ್ರಬಂಧದ ವಿಷಯ ‘ದಿ ರಿವೆಂಜರ್ಸ್ ಟ್ರ್ಯಾಜಿಡಿ’. ಅರಮನೆಯ ಕೊಳಕು, ಅನೌರಸ ಮಕ್ಕಳ ಆಸೆ, ಪಟ್ಟಕ್ಕಾಗಿ ಒಡಹುಟ್ಟಿದವರನ್ನೇ ಮುಗಿಸುವ ಹಂಚಿಕೆ ಆ ನಾಟಕದಲ್ಲಿ ತುಂಬಿವೆ. ಅದೇ ವರ್ಷ ಅವನ ಮೊದಲ ಕಥೆಗಳು ಪತ್ರಿಕೆಗಳಲ್ಲಿ ಬಂದವು. 1969ರವರೆಗೆ ಸರ್ಕಾರದ ಸಾಮಾಜಿಕ ಭದ್ರತಾ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆದ. ಆಮೇಲೆ ಬರವಣಿಗೆಯನ್ನೇ ನಂಬಿದ. ಅಷ್ಟರಲ್ಲಿ ಅವನ ‘ಲಾರ್ಡ್ ಆಫ್ ಲೈಟ್’ (1967) ಕಾದಂಬರಿಗೆ ಹ್ಯೂಗೊ ಪ್ರಶಸ್ತಿ ಬಂದಿತ್ತು. ದೂರದ ಗ್ರಹವೊಂದರಲ್ಲಿ ಹಿಂದೂ ದೇವತೆಗಳ ವೇಷ ತೊಟ್ಟು ಆಳುವ ಮನುಷ್ಯರು, ಅವರ ಎದುರು ಬುದ್ಧನ ವೇಷದಲ್ಲಿ ನಿಲ್ಲುವ ಬಂಡಾಯಗಾರ – ಇದು ಅದರ ವಸ್ತು.

ಆ್ಯಂಬರ್‌ಗೆ ನೇರ ಪ್ರೇರಣೆ ಸಿಕ್ಕಿದ್ದು ಅಗ್ಗದ ಸಾಹಸಕಥೆಗಳಿಂದ. ಹೆನ್ರಿ ಕಟ್ನರ್ 1946ರಲ್ಲಿ ಬರೆದ ‘ದಿ ಡಾರ್ಕ್ ವರ್ಲ್ಡ್’ನ ನಾಯಕ ಭೂಮಿಯಿಂದ ಬೇರೊಂದು ಲೋಕಕ್ಕೆ ಎಳೆಯಲ್ಪಟ್ಟು, ತಾನು ಅಲ್ಲಿನ ಗ್ಯಾನಲಾನ್ ಎಂಬ ಪ್ರಭು ಎಂದು ತಿಳಿಯುತ್ತಾನೆ. ಅದೇ ಹೆಸರಿನ ಪಾತ್ರವೊಂದು ಆ್ಯಂಬರ್ ಮಾಲಿಕೆಯ ಎರಡನೆಯ ಪುಸ್ತಕದಲ್ಲಿ ಬರುತ್ತದೆ. ಫಿಲಿಪ್ ಹೋಸೆ ಫಾರ್ಮರ್ 1965ರಲ್ಲಿ ಆರಂಭಿಸಿದ ‘ವರ್ಲ್ಡ್ ಆಫ್ ಟಿಯರ್ಸ್’ ಮಾಲಿಕೆಯಲ್ಲಿ ಲೋಕಗಳನ್ನೇ ಸೃಷ್ಟಿಸಬಲ್ಲ ಪ್ರಭುಗಳು ಒಬ್ಬರ ಮೇಲೊಬ್ಬರು ಹಗೆ ಸಾಧಿಸುತ್ತಾರೆ. ಈ ಇಬ್ಬರ ಋಣವನ್ನೂ ಝೆಲಾಜ್ನಿ ಒಪ್ಪಿಕೊಂಡಿದ್ದ. ಮಾರುಕಟ್ಟೆಯೂ ಅನುಕೂಲವಾಗಿತ್ತು: 1965ರಲ್ಲಿ ಟಾಲ್ಕಿನ್‌ನ ಪುಸ್ತಕಗಳು ಅಮೆರಿಕದಲ್ಲಿ ಅಗ್ಗದ ಆವೃತ್ತಿಯಲ್ಲಿ ಬಂದ ಮೇಲೆ ಮಾಯಾಲೋಕದ ಕಾದಂಬರಿಗೆ ಓದುಗರು ಹೆಚ್ಚಿದ್ದರು.

ಆದರೆ ಝೆಲಾಜ್ನಿ ಟಾಲ್ಕಿನ್‌ನ ಗಂಭೀರ ಪುರಾಣಧಾಟಿಯನ್ನು ಹಿಡಿಯಲಿಲ್ಲ. ಅವನ ನಾಯಕ ಕಾರ್ವಿನ್ ಪತ್ತೇದಾರಿ ಕಾದಂಬರಿಯ ಒರಟು, ವ್ಯಂಗ್ಯದ ಮಾತಿನಲ್ಲಿ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಕಾರು ಅಪಘಾತದ ನಂತರ ನ್ಯೂಯಾರ್ಕ್ ರಾಜ್ಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಚ್ಚರಗೊಂಡಾಗ ಅವನಿಗೆ ತನ್ನ ಹೆಸರೂ ನೆನಪಿಲ್ಲ. ತಂಗಿ ಫ್ಲೋರಾಳ ಮನೆ ಸೇರಿ, ಎಲ್ಲ ಗೊತ್ತಿರುವವನಂತೆ ನಟಿಸುತ್ತ ಅವಳ ಬಾಯಿಂದಲೇ ಗುಟ್ಟು ಹೊರಡಿಸುತ್ತಾನೆ. ಈ ಮರೆವು ಕಥನದ ಜಾಣ ಉಪಾಯ. ಒಡಹುಟ್ಟಿದವರಲ್ಲಿ ಯಾರನ್ನು ನಂಬಬಹುದು ಎಂಬುದು ನಾಯಕನಿಗೂ ಓದುಗನಿಗೂ ಏಕಕಾಲಕ್ಕೆ ಎದುರಾಗುವ ಪ್ರಶ್ನೆಯಾಗುತ್ತದೆ.

ಕಾದಂಬರಿಯ ಮಾಯೆಗಳು ಮುಖ್ಯವಾಗಿ ಮೂರು. ಮೊದಲನೆಯದು ಇಸ್ಪೀಟು ಎಲೆಗಳಂತಿರುವ ‘ಟ್ರಂಪ್’ಗಳು. ಒಂದೊಂದರ ಮೇಲೂ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಒಬ್ಬೊಬ್ಬರ ಚಿತ್ರವಿದೆ; ಚಿತ್ರವನ್ನು ದಿಟ್ಟಿಸಿದರೆ ಆ ವ್ಯಕ್ತಿಯೊಡನೆ ಮಾತನಾಡಬಹುದು, ಅವನ ಬಳಿಗೆ ಹೋಗಲೂಬಹುದು. ಆದರೆ ಅದೇ ಹಾದಿಯಲ್ಲಿ ಮನಸ್ಸಿನ ಮೇಲೆ ದಾಳಿಯೂ ನಡೆಯಬಹುದಾದ್ದರಿಂದ ಕರೆಗೆ ಓಗೊಡುವುದೇ ಅಪಾಯ. ಎರಡನೆಯದು ‘ಪ್ಯಾಟರ್ನ್’, ನೆಲದ ಮೇಲೆ ಹೊಳೆಯುವ ಸುರುಳಿ ರೇಖೆಗಳ ವಿನ್ಯಾಸ. ಆ್ಯಂಬರ್‌ನ ರಾಜರಕ್ತ ಉಳ್ಳವರು ಮಾತ್ರ ಅದನ್ನು ತುಳಿದು ಬದುಕುಳಿಯಬಲ್ಲರು. ಕಡಲಡಿಯ ರೆಬ್ಮಾ ನಗರದಲ್ಲಿ ಅದರ ಪ್ರತಿಬಿಂಬವನ್ನು ತುಳಿದಾಗಲೇ ಕಾರ್ವಿನ್‌ಗೆ ನೆನಪು ಮರಳುವುದು. ಮೂರನೆಯದು ನೆರಳುಗಳ ನಡುವಿನ ಪಯಣ. ಆಕಾಶದ ಬಣ್ಣ, ಗಿಡಮರ, ದಾರಿ ಎಲ್ಲವನ್ನೂ ಮನಸ್ಸಿನಲ್ಲೇ ಸ್ವಲ್ಪಸ್ವಲ್ಪ ಬದಲಿಸುತ್ತ ಬೇಕಾದ ಲೋಕವನ್ನು ತಲುಪಿ, ಅಲ್ಲಿಂದ ಸೈನ್ಯ ಕಟ್ಟಿ ತರಬಹುದು.

ಹಾಗೆ ಕಟ್ಟಿದ ಸೈನ್ಯದೊಂದಿಗೆ ಕಾರ್ವಿನ್ ಮತ್ತು ಅವನ ಸೋದರ ಬ್ಲೇಸ್ ಸೇರಿ, ಸಿಂಹಾಸನ ಹಿಡಿದಿರುವ ಇನ್ನೊಬ್ಬ ಸೋದರ ಎರಿಕ್‌ನ ಮೇಲೆ ದಂಡೆತ್ತುತ್ತಾರೆ. ಕಾಲ್ವಿರ್ ಬೆಟ್ಟದ ಕಡಿದಾದ ಮೆಟ್ಟಿಲುಗಳ ಮೇಲೆ ಒಬ್ಬೊಬ್ಬರಾಗಿ ಕಾದಾಡುತ್ತ ಏರುವ ಪ್ರಸಂಗವೇ ಪುಸ್ತಕದ ಕತ್ತಿವರಸೆಯ ತುದಿ. ಆಯತಪ್ಪಿ ಪ್ರಪಾತಕ್ಕೆ ಬೀಳುತ್ತಿರುವ ಬ್ಲೇಸ್‌ನತ್ತ ಕಾರ್ವಿನ್ ತನ್ನ ಟ್ರಂಪ್ ಎಲೆಗಳ ಕಟ್ಟನ್ನು ಎಸೆಯುತ್ತಾನೆ. ದಂಡಯಾತ್ರೆ ಸೋಲುತ್ತದೆ. ಎರಿಕ್‌ನ ಪಟ್ಟಾಭಿಷೇಕಕ್ಕೆ ಎಳೆತಂದಾಗ ಸೆರೆಯಾಳು ಕಾರ್ವಿನ್ ಕಿರೀಟವನ್ನು ತನ್ನ ತಲೆಯ ಮೇಲೇ ಇಟ್ಟುಕೊಳ್ಳುತ್ತಾನೆ. ಎರಿಕ್ ಅವನ ಕಣ್ಣು ಸುಡಿಸಿ ನೆಲಮಾಳಿಗೆಗೆ ತಳ್ಳುತ್ತಾನೆ. ರಾಜವಂಶದ ಮೈಗುಣದಿಂದ ವರ್ಷಗಳ ನಂತರ ಕಣ್ಣುಗಳು ಮತ್ತೆ ಮೂಡುತ್ತವೆ. ಹುಚ್ಚು ಚಿತ್ರಗಾರ ಡ್ವಾರ್ಕಿನ್ ಗೋಡೆಯ ಮೇಲೆ ಬರೆದ ದೀಪಸ್ತಂಭದ ಚಿತ್ರದೊಳಗೇ ನಡೆದು ಕಾರ್ವಿನ್ ಪಾರಾಗುತ್ತಾನೆ.

ಸೇಡು ತೀರದೆ ಮುಗಿದ ಕಥೆಗೆ ಮುಂದುವರಿಕೆ ಅನಿವಾರ್ಯವಾಗಿತ್ತು. ‘ದಿ ಗನ್ಸ್ ಆಫ್ ಅವಲಾನ್’ (1972), ‘ಸೈನ್ ಆಫ್ ದಿ ಯುನಿಕಾರ್ನ್’ (1975), ‘ದಿ ಹ್ಯಾಂಡ್ ಆಫ್ ಓಬೆರಾನ್’ (1976), ‘ದಿ ಕೋರ್ಟ್ಸ್ ಆಫ್ ಕೇಯಾಸ್’ (1978) ಬಂದು ಕಾರ್ವಿನ್‌ನ ಕಥೆ ಮುಗಿಯಿತು. 1985ರಿಂದ 1991ರವರೆಗೆ ಅವನ ಮಗ ಮರ್ಲಿನ್‌ನ ಕಥೆ ಇನ್ನೈದು ಸಂಪುಟಗಳಲ್ಲಿ ಬಂತು. ಝೆಲಾಜ್ನಿ 1995ರಲ್ಲಿ ಸಾಂತಾ ಫೆಯಲ್ಲಿ ತೀರಿಕೊಂಡ.

ಪ್ರಭಾವ ಅಲ್ಲಿಗೆ ನಿಲ್ಲಲಿಲ್ಲ. 1991ರಲ್ಲಿ ಎರಿಕ್ ವೂಚಿಕ್ ರೂಪಿಸಿದ ಆ್ಯಂಬರ್ ಪಾತ್ರಾಭಿನಯದ ಆಟದಲ್ಲಿ ದಾಳಕ್ಕೆ ಜಾಗವೇ ಇಲ್ಲ. ಆಟಗಾರರು ಆರಂಭದಲ್ಲೇ ಹರಾಜು ಕೂಗಿ ಒಬ್ಬರನ್ನೊಬ್ಬರು ಮೀರಿಸಬೇಕು. ನೀಲ್ ಗೇಮನ್ ‘ಅಮೆರಿಕನ್ ಗಾಡ್ಸ್’ ಕಾದಂಬರಿಯನ್ನು ಅರ್ಪಿಸಿದವರಲ್ಲಿ ಝೆಲಾಜ್ನಿಯೂ ಒಬ್ಬ. ಗೆಳೆಯನಾಗಿದ್ದ ಜಾರ್ಜ್ ಆರ್. ಆರ್. ಮಾರ್ಟಿನ್ ತನ್ನ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ನಲ್ಲಿ ಆ್ಯಂಬರ್ಲಿಯ ರಾಜರ್ಸ್ ಎಂಬ ಮನೆತನವನ್ನು ಸೃಷ್ಟಿಸಿ, ಅದರ ಲಾಂಛನದಲ್ಲಿ ಒಂಬತ್ತು ಯುನಿಕಾರ್ನ್‌ಗಳನ್ನು ನಿಲ್ಲಿಸಿದ.

ಹತ್ತೂ ಸಂಪುಟಗಳಲ್ಲಿ ಗಟ್ಟಿಯಾದವು ಮೊದಲ ಐದು. ಮಾಯೆಗೆ ಒಡಹುಟ್ಟಿದವರ ಹಗೆಯ ಬೆಂಬಲ ಅಲ್ಲಿ ಬಲವಾಗಿದೆ. ಹೊಸದಾಗಿ ಓದುವವರು 1970ರ ಪುಸ್ತಕದಿಂದಲೇ ಆರಂಭಿಸಬೇಕು. ಇದು ಕ್ರಮ ತಪ್ಪಿಸಿ ಓದುವ ಮಾಲಿಕೆಯಲ್ಲ.