ಹಗುರ ಫೋರ್ಕ್: ಗ್ರಾಂ ಉಳಿಸುವುದೆಲ್ಲಿ?

ಕ್ರಾಸ್ ಕಂಟ್ರಿ ಮೌಂಟನ್ ಬೈಕ್ ರೇಸು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಪದಕದ ಸ್ಪರ್ಧೆ. ಸವಾರ ಸುಮಾರು ಒಂದೂವರೆ ತಾಸು ಕಲ್ಲು, ಬೇರುಗಳ ಹಾದಿಯಲ್ಲಿ ಏರಿ ಇಳಿಯಬೇಕು. ಏರಿನಲ್ಲಿ ಸೈಕಲ್ ಹಗುರವಿರಬೇಕು, ಇಳಿಜಾರಿನಲ್ಲಿ ಮುಂದಿನ ಚಕ್ರ ಹಿಡಿದ ದಾರಿ ಬಿಡಬಾರದು. ಎರಡೂ ಹೊಣೆ ಬೀಳುವುದು ಮುಂದಿನ ಚಕ್ರವನ್ನು ಹಿಡಿದು, ಹೊಡೆತಕ್ಕೆ ಕುಗ್ಗುವ ಸಸ್ಪೆನ್ಷನ್ ಫೋರ್ಕಿನ ಮೇಲೆ. ಹೀಗಾಗಿ ತಕ್ಕಡಿಯ ಅಂಕಿಯೊಂದರಿಂದಲೇ ಫೋರ್ಕನ್ನು ಅಳೆಯುವುದು ತಪ್ಪು ಎನ್ನುವುದು ನನ್ನ ವಾದ. ಈ ಉದ್ಯಮದ ಇತಿಹಾಸವೇ ಅದಕ್ಕೆ ಪುರಾವೆ.

ಅಮೆರಿಕದ ಪಾಲ್ ಟರ್ನರ್ ಕಟ್ಟಿದ ರಾಕ್‌ಶಾಕ್ಸ್ ಕಂಪನಿ 1998ರ ಮಾದರಿಯಾಗಿ 'ಸಿಡ್' ಫೋರ್ಕನ್ನು ತಂದಿತು. ಅದರಲ್ಲಿ ಸ್ಪ್ರಿಂಗಿನ ಕೆಲಸ ಗಾಳಿಯದು. ಹೊರಗಿನ ಕಾಲುಗಳೊಳಗೆ ಜಾರುವ ಒಳಕೊಳವೆಗಳ ವ್ಯಾಸ 28 ಮಿ.ಮೀ., ತೂಕ ಸುಮಾರು 1.2 ಕಿಲೋ. ಅದೇ ಹೆಸರಿನಲ್ಲಿ 2020ರಲ್ಲಿ ಬಂದ 'ಸಿಡ್ ಎಸ್‌ಎಲ್' 32 ಮಿ.ಮೀ. ಕೊಳವೆಯದು, ತೂಕ 1,326 ಗ್ರಾಂ. ಜೊತೆಗೇ ಬಂದ, 120 ಮಿ.ಮೀ. ಕುಗ್ಗುವ ಇನ್ನೊಂದು ಸಿಡ್‌ಗೆ 35 ಮಿ.ಮೀ. ಕೊಳವೆ, 1,537 ಗ್ರಾಂ ತೂಕ. ಎರಡು ದಶಕದ ಜಾಣ್ಮೆಯ ಬಳಿಕ ಹಗುರ ಫೋರ್ಕು ಭಾರವಾಯಿತು! ಆದರೆ ಇದು ಹಿನ್ನಡೆಯಲ್ಲ. ಆ ಹೊತ್ತಿಗೆ ಚಕ್ರ 29 ಇಂಚಿಗೆ ಬೆಳೆದು ಫೋರ್ಕು ಉದ್ದವಾಗಿತ್ತು, ಡಿಸ್ಕ್ ಬ್ರೇಕು ಫೋರ್ಕಿನ ಒಂದೇ ಕಾಲನ್ನು ಹಿಡಿದು ತಿರುಚುತ್ತಿತ್ತು. ಕೊಳವೆಯ ಗೋಡೆಯ ದಪ್ಪ ಬದಲಿಸದೆ ವ್ಯಾಸವನ್ನು 28ರಿಂದ 32ಕ್ಕೆ ಏರಿಸಿದರೆ ಕೊಳವೆಯ ತೂಕ ಶೇ 14ರಷ್ಟು ಹೆಚ್ಚುತ್ತದೆ. ಬಾಗದೆ ನಿಲ್ಲುವ ಗುಣ ಮಾತ್ರ ಸುಮಾರು ಶೇ 50ರಷ್ಟು ಹೆಚ್ಚುತ್ತದೆ. ಇದಕ್ಕಿಂತ ಲಾಭದ ವ್ಯಾಪಾರ ವಿನ್ಯಾಸಕಾರನಿಗೆ ಇನ್ನೆಲ್ಲೂ ಸಿಗದು. ಅಲ್ಲಿ ತೆತ್ತ ಗ್ರಾಂಗಳನ್ನು ಬಲ ಕಡಿಮೆ ಬೀಳುವ ಕಡೆ ಮರಳಿ ಪಡೆಯಬೇಕು. ಹೊರಗಿನ ಕಾಲುಗಳನ್ನು ಮೆಗ್ನೀಸಿಯಂನಲ್ಲಿ ಎರಕ ಹೊಯ್ಯುವುದು ಇದಕ್ಕೇ. ಅದರ ಸಾಂದ್ರತೆ ಅಲ್ಯೂಮಿನಿಯಂನ ಮೂರನೇ ಎರಡು ಪಾಲು. ಫಾಕ್ಸ್ ಕಂಪನಿಯ '32 ಸ್ಟೆಪ್‌ಕ್ಯಾಸ್ಟ್' ಎರಡು ಕಾಲುಗಳನ್ನೂ ಹತ್ತಿರ ತಂದು, ಡಿಸ್ಕು ತಿರುಗಲು ಕೆಳತುದಿಯಲ್ಲಷ್ಟೇ ಮೆಟ್ಟಿಲಿನಂತೆ ಜಾಗ ಬಿಟ್ಟಿತು. ಒಳಕೊಳವೆಗಳನ್ನು ಮೇಲೆ ಜೋಡಿಸುವ ಕಿರೀಟ ಕಿರಿದಾಗಿ ತೂಕ ಇಳಿಯಿತು.

ಸವಾರ, ಸೈಕಲ್ ಸೇರಿ 80 ಕಿಲೋ ಇರುವಾಗ 200 ಗ್ರಾಂಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ ಎಂದು ಕೇಳಬಹುದು. ಅದು ಒಟ್ಟು ತೂಕದ ಶೇ 0.25. ಕಡಿದಾದ ಏರಿನಲ್ಲಿ 45 ನಿಮಿಷ ತುಳಿದರೆ ಉಳಿಯುವುದು ಹೆಚ್ಚೆಂದರೆ ಏಳು ಸೆಕೆಂಡ್. ಪದಕಕ್ಕೆ ಹೋರಾಡುವವನಿಗೆ ಅದು ದೊಡ್ಡದೇ. ಆದರೆ ಬಾಗುವ ಫೋರ್ಕು ಒಂದು ತಿರುವಿನಲ್ಲಿ ಸವಾರನನ್ನು ಅಂಜಿಸಿದರೂ ಆ ಗಳಿಕೆ ಅಲ್ಲೇ ಕರಗುತ್ತದೆ. ಇನ್ನು ಕೆಲವರ ತರ್ಕ, ಸಸ್ಪೆನ್ಷನ್ನೇ ಬೇಡ, ಕಾರ್ಬನ್ನಿನ ಗಟ್ಟಿ ಫೋರ್ಕು ಅರ್ಧ ತೂಕಕ್ಕೇ ಸಿಗುತ್ತದಲ್ಲ ಎಂಬುದು. ನುಣುಪಾದ ದಾರಿಯಲ್ಲಿ ಅದು ಸರಿ. ಕಲ್ಲಿನ ಹಾದಿಯಲ್ಲಿ ಫೋರ್ಕು ಕುಗ್ಗದಿದ್ದರೆ ಪ್ರತಿ ಕಲ್ಲಿಗೂ ಸವಾರನ ಮೈಯೇ ಮೇಲೇಳಬೇಕು, ಆ ಶಕ್ತಿ ಹೋಗುವುದು ಅವನ ತೋಳು, ಬೆನ್ನುಗಳಿಂದ.

ತಕ್ಕಡಿ ತೋರಿಸದ ಗುಣ ಇನ್ನೊಂದಿದೆ: ಒಳಗಿನ ಘರ್ಷಣೆ. ಬ್ರೇಕ್ ಹಿಡಿದಾಗ ಕೊಳವೆ ಬಾಗಿ, ತಾನು ಜಾರುವ ಬಳೆಯಾದ ಬುಷ್‌ಗೆ ಒತ್ತಿಕೊಂಡರೆ ಫೋರ್ಕು ಜಾರದೆ ಸಿಕ್ಕಿಕೊಳ್ಳುತ್ತದೆ, ಬೇಕಾದ ಹೊತ್ತಿಗೇ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಹೊಸ ಸೈಕಲ್ ಕೊಳ್ಳುವವರು ತೂಕದ ಜೊತೆಗೆ ಕೊಳವೆಯ ವ್ಯಾಸವನ್ನೂ ಕೇಳಿ ತಿಳಿದುಕೊಳ್ಳಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಅದುಮಿ ನೋಡಿ, ಗಾಳಿಯ ಒತ್ತಡವನ್ನು ನಿಮ್ಮ ಮೈತೂಕಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.